ಸುಳಿ, ದಬ್ಬೆ, ಚೇಗು

ಶಿರಾಳಕೊಪ್ಪವು ಎರಡು ಸೀಮೆಗಳ ಅಂಚಿನಲ್ಲಿ ಕುಳಿತ ಪೇಟೆ. ಪಶ್ಚಿಮಕ್ಕೆ ಸೊರಬದ ದಾರಿ ಹಿಡಿದವನಿಗೆ ತಗ್ಗಿನಲ್ಲಿ ಅಡಿಕೆಯ ತೋಟ, ಅದರ ಮಗ್ಗುಲಿಗೆ ಭತ್ತದ ಗದ್ದೆ, ಅದಕ್ಕೂ ಮೇಲೆ ಕಾನಿನ ಅಂಚು, ಹೀಗೆ ಮಲೆನಾಡು ಮೆಲ್ಲನೆ ಎದುರಾಗುವುದು. ಈಶಾನ್ಯಕ್ಕೆ ಹಿರೇಕೆರೂರಿನ ಕಡೆ ಹೊರಳಿದವನಿಗೆ ಬಯಲು ತೆರೆದುಕೊಳ್ಳುವುದು. ತಾಳಗುಂದದ ಸ್ತಂಭಶಾಸನವನ್ನೂ ಬಳ್ಳಿಗಾವಿಯ ಕೇದಾರೇಶ್ವರ ದೇಗುಲವನ್ನೂ ನೋಡಬಂದವರು ಈ ಪೇಟೆಯನ್ನು ಹಾದುಹೋಗುತ್ತಾರೆ. ಕಲ್ಲಿನ ಮೇಲೆ ಕಲ್ಲನ್ನಿಟ್ಟು ಮನುಷ್ಯನು ಕಟ್ಟಿದ್ದನ್ನು ಕಂಡು ತಲೆದೂಗುವ ಈ ಯಾತ್ರಿಕರು, ದಾರಿಯ ಎರಡು ಬದಿಯಲ್ಲೂ ಕೋಶದ ಪಕ್ಕಕ್ಕೆ ಕೋಶವನ್ನಿಟ್ಟು ಪ್ರಕೃತಿಯು ಕಟ್ಟಿರುವುದರ ಕಡೆಗೆ ಕಣ್ಣು ಹಾಯಿಸುವುದು ಕಡಮೆ. ಜೀವಕೋಶಗಳು ಒಂದುಗೂಡಿ ಅಂಗಾಂಶವಾಗಿ, ಅಂಗಾಂಶಗಳು ಕೂಡಿ ಅಂಗವಾಗಿ, ಅಂಗಗಳು ಸೇರಿ ಒಂದು ಜೀವಿಯಾಗುವ ಪರಿಯನ್ನು ಶಾಲೆಯ ಪುಸ್ತಕಗಳು ಮೆಟ್ಟಿಲು ಮೆಟ್ಟಿಲಾಗಿ ಹೇಳಿ ಮುಗಿಸುತ್ತವೆ. ಆ ಮೆಟ್ಟಿಲುಗಳಲ್ಲಿ ತಪ್ಪೇನೂ ಇಲ್ಲವಾದರೂ, ಈ ಕಟ್ಟಡದ ಬಹುಭಾಗ ಸತ್ತ ಕೋಶಗಳಿಂದಾದುದು, ಮತ್ತು ಆ ಸಾವು ಅಪಘಾತವಲ್ಲ, ಅದೇ ಆ ಕೋಶಗಳಿಗೆ ನೇಮಿಸಿದ ಕೆಲಸ, ಎಂಬ ಮಾತು ಅವುಗಳಲ್ಲಿ ಅಡಗಿಹೋಗುತ್ತದೆ. ನನಗೆ ಈ ವಿಷಯದಲ್ಲಿ ಮುಖ್ಯವೆಂದು ತೋರುವುದು ಇದೇ.

ಕವಳದ ತಟ್ಟೆಯಿಂದಲೇ ಆರಂಭಿಸೋಣ. ಚೆನ್ನಾಗಿ ಒಣಗಿದ ಚಾಲಿ ಅಡಿಕೆಯೊಂದನ್ನು ಅಡಕತ್ತರಿಗೆ ಕೊಟ್ಟು ನಡುವೆ ಎರಡು ಹೋಳು ಮಾಡಿ ಬೆಳಕಿಗೆ ಹಿಡಿದರೆ, ಬಿಳಿಯ ಮೈಯಲ್ಲಿ ಕಂದುಬಣ್ಣದ ಗೆರೆಗಳು ಅಮೃತಶಿಲೆಯಲ್ಲಿ ಹರಿದಂತೆ ಅಂಚಿನಿಂದ ಒಳಕ್ಕೆ ಹರಿದಿರುತ್ತವೆ. ದಿನವೂ ಅಡಿಕೆ ಕತ್ತರಿಸುವ ಕೈಗೆ ಇದು ತೀರ ಪರಿಚಿತವಾದ ಚಿತ್ತಾರ. ಸೂಕ್ಷ್ಮದರ್ಶಕಕ್ಕೆ ಇದು ಎರಡು ಅಂಗಾಂಶಗಳ ಹೆಣಿಗೆ. ಬಿಳಿಯದು ಭ್ರೂಣಾಹಾರ, ಎಂದರೆ ಮುಂದೆ ಮೊಳೆಯಬೇಕಾದ ಸಸಿಗೆಂದು ಕೂಡಿಟ್ಟ ಬುತ್ತಿ. ಕಂದುಗೆರೆಯು ಬೀಜದ ಹೊರಸಿಪ್ಪೆಯೇ ಮಡಿಕೆ ಮಡಿಕೆಯಾಗಿ ಒಳನುಗ್ಗಿ ಬೆಳೆದದ್ದು, ಕವಳಕ್ಕೆ ಒಗರು ಕೊಡುವ ಟ್ಯಾನಿನ್ನು ತುಂಬಿಕೊಂಡದ್ದು. ಬುತ್ತಿಯೆಂದರೆ ಅಕ್ಕಿಯಲ್ಲಿರುವಂತೆ ಪಿಷ್ಟದ ಕಣಗಳಲ್ಲ. ಇಲ್ಲಿ ಪ್ರತಿಯೊಂದು ಕೋಶವೂ ತನ್ನ ಭಿತ್ತಿಯನ್ನೇ ಸಕ್ಕರೆಯ ಸರಪಳಿಗಳಿಂದ ದಪ್ಪಮಾಡಿಕೊಂಡಿರುತ್ತದೆ; ಆಹಾರ ಗೋಡೆಯಲ್ಲಿದೆ, ಆದುದರಿಂದಲೇ ಅಡಿಕೆ ಹಲ್ಲಿಗೆ ಅಷ್ಟು ಬಿರುಸು. ಬುಡದ ಕಡೆ ಒಂದು ಸಣ್ಣ ಗುಳಿಯಲ್ಲಿ ಭ್ರೂಣವು, ಅಷ್ಟು ದೊಡ್ಡ ಕಣಜಕ್ಕೆ ಒಡೆಯನಾಗಿಯೂ, ಕಾಳಿನಷ್ಟಾಗಿ ಅಡಗಿ ಕುಳಿತಿರುತ್ತದೆ.

ಈ ಗಟ್ಟಿತನ ಮೊದಲಿನಿಂದ ಇದ್ದುದಲ್ಲ. ತೀರ ಎಳೆಯ ಕಾಯನ್ನು ಸೀಳಿದರೆ ಒಳಗೆ ನೀರು, ಕೆಲವು ವಾರಗಳ ಮೇಲೆ ಲೋಳೆ, ಆಮೇಲೆ ಮೆತ್ತನೆಯ ತಿರುಳು, ಕೊನೆಗೆ ಕಲ್ಲು. ತೆಂಗಿನಲ್ಲಿಯೂ ಇದೇ ಕ್ರಮವೆಂಬುದು ಎಳನೀರು ಕುಡಿದವರಿಗೆಲ್ಲ ಗೊತ್ತು. ಆ ನೀರಿನ ಅವಸ್ಥೆಯಲ್ಲಿ ನಡೆಯುವ ವ್ಯಾಪಾರ ವಿಚಿತ್ರವಾದುದು: ಕೋಶಕೇಂದ್ರವು ಎರಡಾಗಿ, ನಾಲ್ಕಾಗಿ, ನೂರಾಗಿ ಒಡೆಯುತ್ತ ಹೋಗುವುದೇ ಹೊರತು ಅವುಗಳ ನಡುವೆ ಗೋಡೆ ಏಳುವುದಿಲ್ಲ. ಗಡಿಯಿಲ್ಲದ ಒಂದೇ ದ್ರವದಲ್ಲಿ ಅಸಂಖ್ಯ ಕೋಶಕೇಂದ್ರಗಳು ತೇಲಿಕೊಂಡಿರುತ್ತವೆ. ಅಲ್ಲಿ ಜೀವವುಂಟು, ವೃದ್ಧಿಯುಂಟು, ವ್ಯವಸ್ಥೆಯಿಲ್ಲ. ತರುವಾಯ ಹೊರ ಅಂಚಿನಿಂದ ಮೊದಲಾಗಿ ಗೋಡೆಗಳು ಎದ್ದು, ಒಂದೊಂದು ಕೇಂದ್ರಕ್ಕೂ ಒಂದೊಂದು ಕೋಣೆ ಗೊತ್ತಾಗಿ, ಕೋಣೆಗೆ ತಕ್ಕ ಕೆಲಸವೂ ಗೊತ್ತಾಗುತ್ತದೆ. ತೆಂಗಿನಕಾಯಿಯ ಕೊಬ್ಬರಿಯು ಚಿಪ್ಪಿಗೆ ಅಂಟಿಕೊಂಡು ಹೊರಗಿನಿಂದ ಒಳಕ್ಕೆ ಕಟ್ಟುತ್ತ ಬರುವುದಕ್ಕೂ, ನಡುವೆ ನೀರು ಉಳಿಯುವುದಕ್ಕೂ ಕಾರಣವಿದೇ. ಅಂಗಾಂಶವೆಂಬುದು ಬರಿಯ ಕೋಶಗಳ ರಾಶಿಯಲ್ಲ, ಗೋಡೆ ಮತ್ತು ನೆರೆಗಳ ಏರ್ಪಾಡು, ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ವಸ್ತು ನಮ್ಮ ಅಡಿಗೆಮನೆಯಲ್ಲಿ ಇದ್ದಂತಿಲ್ಲ.

ಕೋಶಗಳ ಈ ಶಾಸ್ತ್ರದ ಚರಿತ್ರೆಯು ಸತ್ತ ಕೋಶದಿಂದಲೇ ಆರಂಭವಾದುದು ಕಾಕತಾಳೀಯವಲ್ಲವೆಂದು ನಾನು ಭಾವಿಸುತ್ತೇನೆ. 1665ರಲ್ಲಿ ರಾಬರ್ಟ್ ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಬೆಂಡಿನ ಚೂರಿನೊಳಗಿನ ಖಾಲಿ ಕೋಣೆಗಳನ್ನು. ಒಳಗಿನ ನಿವಾಸಿಗಳು ಎಂದೋ ತೀರಿಹೋಗಿದ್ದರು. ಶ್ಲೈಡೆನ್ ಸಸ್ಯಗಳ ವಿಷಯದಲ್ಲಿಯೂ (1838) ಶ್ವಾನ್ ಪ್ರಾಣಿಗಳ ವಿಷಯದಲ್ಲಿಯೂ (1839) ದೇಹವೆಲ್ಲ ಕೋಶಮಯವೆಂದು ಸಾರುವುದಕ್ಕೆ ಮತ್ತೆ ನೂರೆಪ್ಪತ್ತು ವರ್ಷಕ್ಕೂ ಮಿಕ್ಕ ಕಾಲ ಹಿಡಿಯಿತು. ಇವರಿಬ್ಬರಿಗಿಂತ ಮೊದಲೇ, 1801ರಲ್ಲಿ, ಪ್ಯಾರಿಸಿನ ವೈದ್ಯ ಬಿಷಾ ಮನುಷ್ಯದೇಹವು ಇಪ್ಪತ್ತೊಂದು ಬಗೆಯ ಅಂಗಾಂಶಗಳಿಂದ ನೆಯ್ದುದೆಂದು ನಿರ್ಣಯಿಸಿದ್ದ. ಆತನಿಗೆ ಸೂಕ್ಷ್ಮದರ್ಶಕದ ಮೇಲೆ ನಂಬಿಕೆಯಿರಲಿಲ್ಲ. ಶವಗಳನ್ನು ಸೀಳಿ, ಕುದಿಸಿ, ಒಣಗಿಸಿ, ಬೆರಳಿನಿಂದ ಎಳೆದು ನೋಡಿ ಈ ವಿಂಗಡಣೆ ಮಾಡಿದನಂತೆ. ಕೋಶವನ್ನು ಕಾಣದೆಯೇ ಅಂಗಾಂಶವನ್ನು ಗುರುತಿಸಿದ ಈ ಮನುಷ್ಯ ಮರುವರ್ಷವೇ, ಮೂವತ್ತರ ಹರೆಯದಲ್ಲಿ, ಕಾಲವಾದ.

ಅಡಿಕೆಯ ಮರಕ್ಕೆ ಹಿಂದಿರುಗೋಣ. ಮಾವಿಗೂ ಹಲಸಿಗೂ ಮೈತುಂಬ ಮೊಗ್ಗುಗಳುಂಟು, ಒಂದು ಕೊಂಬೆ ಹೋದರೆ ಮತ್ತೊಂದು ಚಿಗುರುತ್ತದೆ. ಅಡಿಕೆಗೆ ಇರುವುದು ತಲೆಯ ಮೇಲಿನ ಒಂದೇ ಒಂದು ಸುಳಿ. ಹಾಳೆಗಳ ಹತ್ತಾರು ಸುತ್ತಿನೊಳಗೆ ಹುದುಗಿರುವ, ಬರಿಗಣ್ಣಿಗೆ ಚುಕ್ಕೆಯಂತೆ ತೋರುವ ವರ್ಧನ ಅಂಗಾಂಶವೇ ಮರದ ಒಟ್ಟು ಎತ್ತರವನ್ನೂ, ಒಂದೊಂದು ಸೋಗೆಯನ್ನೂ, ಒಂದೊಂದು ಹಿಂಗಾರವನ್ನೂ ಹಡೆದದ್ದು. ಸುಳಿ ಕೊಳೆತರೆ ಮರ ಮುಗಿಯಿತೆಂದು ತೋಟದವರು ಹೇಳುವುದರಲ್ಲಿ ಅತಿಶಯೋಕ್ತಿಯಿಲ್ಲ; ಕೆಳಗಿನ ಕೋಟ್ಯಂತರ ಕೋಶಗಳು ಇನ್ನೂ ಬದುಕಿದ್ದರೂ ಅವುಗಳಲ್ಲಿ ಹೊಸ ಸುಳಿಯನ್ನು ಕಟ್ಟಬಲ್ಲದ್ದು ಒಂದೂ ಇಲ್ಲ. ಹಾಳೆ ಉದುರಿದ ಕಡೆ ಉಳಿಯುವ ಉಂಗುರದ ಗುರುತುಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದರೆ ಆ ಚುಕ್ಕೆ ಮಾಡಿದ ಕೆಲಸದ ದಿನಚರಿಯೇ ದೊರೆಯುತ್ತದೆ. ಹಾಳೆ ಬಿದ್ದ ಮೇಲೆ ಅದರ ಕಂಕುಳಲ್ಲಿ ಅಷ್ಟು ಕಾಲ ಮುಚ್ಚಿಕೊಂಡಿದ್ದ ಹಿಂಗಾರ ಹೊರಬರುವುದು. ಹಾಳೆಯಾಗಲಿ, ಸೋಗೆಯಾಗಲಿ, ಹಿಂಗಾರದ ಹೊದಿಕೆಯಾಗಲಿ, ವಿಚಾರಿಸಿ ನೋಡಿದರೆ ಎಲೆಯ ರೂಪಾಂತರವೇ.

ಹೂವಿನ ವಿಷಯದಲ್ಲಿ ಈ ವಿಚಾರವನ್ನು ಬಹುದೂರ ಕೊಂಡೊಯ್ದವರಲ್ಲಿ ನಮ್ಮವರೊಬ್ಬರಿದ್ದಾರೆ. ಕನ್ನಡಿಗರಿಗೆ ‘ಹಸುರು ಹೊನ್ನು’ ಬರೆದುಕೊಟ್ಟ ಬಿ.ಜಿ.ಎಲ್. ಸ್ವಾಮಿಯವರು, ಹಾರ್ವರ್ಡಿನ ಇರ್ವಿಂಗ್ ಬೇಯ್ಲಿಯವರೊಡನೆ ಕೂಡಿ 1951ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹೂವಿನೊಳಗೆ ಬೀಜಾಂಡಗಳನ್ನು ಮುಚ್ಚಿಟ್ಟುಕೊಂಡಿರುವ ಅಂಗವು ನಡುನರದಗುಂಟ ಮಡಿಚಿಕೊಂಡ ಎಲೆಯಂಥದೆಂದೂ, ಅತಿ ಪ್ರಾಚೀನ ಲಕ್ಷಣಗಳನ್ನು ಉಳಿಸಿಕೊಂಡ ಕೆಲವು ಮರಗಳಲ್ಲಿ ಆ ಮಡಿಕೆಯ ಅಂಚುಗಳು ಇನ್ನೂ ಪೂರ್ತಿ ಬೆಸೆದಿಲ್ಲವೆಂದೂ ತೋರಿಸಿದರು. ಎಲೆಯ ಹಾಸ್ಯವನ್ನೂ ಎಲೆಯ ಅಂಗರಚನೆಯನ್ನೂ ಒಂದೇ ಲೇಖನಿಯಿಂದ ಬರೆದವರು ಮತ್ತೊಬ್ಬರಿಲ್ಲ.

ಸುಳಿಯಲ್ಲಿ ಹುಟ್ಟಿದ ಕೋಶಗಳೆಲ್ಲ ಒಂದೇ ತಾಯಿಯ ಮಕ್ಕಳು, ಆನುವಂಶಿಕ ಸಂಪತ್ತಿನಲ್ಲಿ ಲವಲೇಶವೂ ವ್ಯತ್ಯಾಸವಿಲ್ಲದವು. ಹಾಗಿರುವಾಗ ಒಂದು ನಾರಾಗುವುದು, ಒಂದು ನೀರಿನ ಕೊಳವೆಯಾಗುವುದು, ಇನ್ನೊಂದು ಹಸುರು ತುಂಬಿಕೊಂಡು ಎಲೆಯ ಒಡಲಾಗುವುದು ಯಾವುದರಿಂದ? ವಂಶದಿಂದಲೋ, ಸ್ಥಾನದಿಂದಲೋ? 1995ರಲ್ಲಿ ಹಾಲೆಂಡಿನ ಊಟ್ರೆಕ್ಟಿನಲ್ಲಿ ಬೆನ್ ಶೇರೆಸ್ ಮತ್ತು ಸಂಗಡಿಗರು ಅರಾಬಿಡಾಪ್ಸಿಸ್ ಎಂಬ ಸಾಸುವೆಯ ಕುಲದ ಪುಟ್ಟ ಗಿಡದ ಬೇರುತುದಿಯಲ್ಲಿ ಲೇಸರ್ ಕಿರಣದಿಂದ ಒಂದೊಂದೇ ಕೋಶವನ್ನು ಕೊಂದು ನೋಡಿದರು. ಸತ್ತ ಕೋಶದ ಜಾಗಕ್ಕೆ ಪಕ್ಕದ ಸಾಲಿನ ಕೋಶವು ಒತ್ತರಿಸಿ ಬಂದಿತು. ಬಂದದ್ದು ತನ್ನ ಹಳೆಯ ಕಸುಬನ್ನು ಬಿಟ್ಟು ಆ ಜಾಗಕ್ಕೆ ಸಲ್ಲುವ ಕಸುಬನ್ನು ಹಿಡಿಯಿತು. ಸಸ್ಯದ ಕೋಶಕ್ಕೆ ಹೆತ್ತವರಿಗಿಂತ ನೆರೆಯವರು ಮುಖ್ಯ. ಇದು ಸಹಜವೂ ಹೌದು. ಏಕೆಂದರೆ ಸಸ್ಯಕೋಶವು ಎದ್ದು ನಡೆಯಲಾರದು. ಹುಟ್ಟಿದಾಗಲೇ ಎರಡು ಕೋಶಗಳ ನಡುವೆ ಪೆಕ್ಟಿನ್ ಎಂಬ ಅಂಟು ಹರಡಿ ಅವನ್ನು ಜೀವಮಾನವೆಲ್ಲ ಬಿಗಿಯುತ್ತದೆ. ಪುಂಡಿಯ ಕಡ್ಡಿಗಳನ್ನು ಕೆರೆಯ ನೀರಿನಲ್ಲಿ ಮುಳುಗಿಸಿ ಕೊಳೆಹಾಕಿದಾಗ ಬ್ಯಾಕ್ಟೀರಿಯಗಳು ತಿನ್ನುವುದು ಮುಖ್ಯವಾಗಿ ಈ ಅಂಟನ್ನೇ. ಅಂಟು ಹೋಗಿ ನಾರು ಬಿಡಿಯಾಗಿ ಕೈಗೆ ಬರುವುದು. ಆದರೆ ಬಿಗಿಸಿದ ಗೋಡೆಗಳಲ್ಲಿಯೂ ಅತಿಸೂಕ್ಷ್ಮವಾದ ಕಂಡಿಗಳುಂಟು. ಅವುಗಳ ಮೂಲಕ ಒಂದು ಕೋಶದ ಜೀವದ್ರವವು ಮತ್ತೊಂದರ ಜೀವದ್ರವಕ್ಕೆ ತಾಗಿರುವುದು, ನೆರೆಯ ಸಮಾಚಾರ ಹಾದುಬರುವುದು.

ಹಳೆಯ ಅಡಿಕೆಮರವನ್ನು ಉರುಳಿಸಿ ದಬ್ಬೆ ಸೀಳುವವರು ಕಾಂಡದ ರಚನೆಯನ್ನು ಯಾವ ಪಾಠವೂ ಇಲ್ಲದೆ ಬಲ್ಲರು. ಹೊರಗಿನ ಎರಡು ಬೆರಳಷ್ಟು ಮಾತ್ರ ದಬ್ಬೆಗೆ ಬರುವುದು. ಒಳಗಿನ ಮೆದುವಾದ ಭಾಗವನ್ನು ಕೆತ್ತಿ ಎಸೆಯಬೇಕು. ದಬ್ಬೆಯ ತುದಿಯನ್ನು ನೋಡಿದರೆ ಕಪ್ಪುಚುಕ್ಕೆಗಳು ಅಂಚಿನಲ್ಲಿ ಒತ್ತೊತ್ತಾಗಿಯೂ ಒಳಕ್ಕೆ ಹೋದಂತೆ ಬಿಡಿಬಿಡಿಯಾಗಿಯೂ ಇರುವುದು ಕಾಣುತ್ತದೆ. ಒಂದೊಂದು ಚುಕ್ಕೆಯೂ ಒಂದೊಂದು ನಾಳಗುಚ್ಛ: ನೀರನ್ನು ಮೇಲಕ್ಕೊಯ್ಯುವ ಕ್ಸೈಲಂ, ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕೆಳಗಿಳಿಸುವ ಫ್ಲೋಯಂ, ಇವೆರಡಕ್ಕೂ ಕವಚವಾದ ನಾರುಕೋಶಗಳು. ಈ ನಾರುಕೋಶವು ಬದುಕಿನುದ್ದಕ್ಕೂ ಗೋಡೆಯ ಮೇಲೆ ಗೋಡೆ ಕಟ್ಟಿ, ಲಿಗ್ನಿನ್ನಿನ ಗಾರೆ ಬಳಿದು, ಕೊನೆಗೆ ತಾನೇ ಇಲ್ಲವಾಗುವುದು. ನೀರಿನ ಕೊಳವೆಯ ಕೋಶವಂತೂ ಸತ್ತ ಮೇಲೆಯೇ ಉದ್ಯೋಗಕ್ಕೆ ಸೇರುವುದು; ಜೀವದ್ರವ ತುಂಬಿದ್ದರೆ ನೀರು ಹರಿಯುವುದು ಹೇಗೆ? ಕೊನೆ ಕೊಯ್ಯುವ ಕೊನೆಗಾರನು ಒಂದು ಮರದ ತುದಿಯಲ್ಲಿ ನಿಂತು, ಮರವನ್ನು ಜೀಕಿ ಬಾಗಿಸಿ, ಪಕ್ಕದ ಮರವನ್ನು ಹಿಡಿದು ದಾಟುವುದನ್ನು ಮಲೆನಾಡಿನವರೆಲ್ಲ ಕಂಡಿದ್ದಾರೆ. ಆ ಹೊತ್ತಿನಲ್ಲಿ ಅವನ ಭಾರವನ್ನು ತಡೆಯುವುದು ಹೊರವಲಯದ ಆ ಸತ್ತ ನಾರು. ಬಾಗಿದ ಕಾಂಡದಲ್ಲಿ ಸೆಳೆತವೂ ಒತ್ತಡವೂ ಹೊರಮೈಯಲ್ಲೇ ಅಧಿಕವಾದುದರಿಂದ ಬಲವನ್ನು ಅಲ್ಲಿಯೇ ಇಡುವುದು ಮಿತವ್ಯಯ. ಅಡಿಕೆಗೆ ಕ್ಯಾಂಬಿಯಂ ಇಲ್ಲ, ಎಂದರೆ ಮಾವಿನಂತೆ ವರ್ಷವರ್ಷವೂ ಸುತ್ತು ದಪ್ಪವಾಗುವ ಸೌಕರ್ಯವಿಲ್ಲ. ಹೊಸ ಕೊಳವೆಗಳು ಹುಟ್ಟವು. ಆದಕಾರಣ ಫ್ಲೋಯಮ್ಮಿನ ಜೀವಂತ ಕೋಶಗಳು ಮರದ ಆಯುಷ್ಯವೆಲ್ಲ, ದಶಕಗಳ ಕಾಲ, ಬದುಕಿಯೇ ಇರಬೇಕಾಗಿದೆ. ಒಂದೇ ಗುಚ್ಛದಲ್ಲಿ ಬೇಗ ಸಾಯಬೇಕಾದವೂ ಸಾಯಲೇಕೂಡದವೂ ಮೈಗೆ ಮೈ ತಾಗಿ ನಿಂತಿವೆ.

ಗದ್ದೆಯ ಭತ್ತದಲ್ಲಿಯೂ ಇಂಥದೇ ಒಂದು ಬಲಿಯುಂಟು. ಕೆಸರಿನಲ್ಲಿ ಮುಳುಗಿದ ಬೇರಿಗೆ ಗಾಳಿ ಸಿಕ್ಕದಷ್ಟೆ. ಇತರ ಗಿಡವಾಗಿದ್ದರೆ ಕೊಳೆಯುತ್ತಿತ್ತು. ಭತ್ತದ ಬೇರಿನ ನಡುತೊಗಟೆಯಲ್ಲಿ ಗೊತ್ತಾದ ಕೆಲವು ಕೋಶಗಳು ಗೊತ್ತಾದ ವಯಸ್ಸಿನಲ್ಲಿ ಕರಗಿಹೋಗಿ, ಅವು ಇದ್ದ ಜಾಗವೇ ಉದ್ದನೆಯ ಗಾಳಿಕೊಳವೆಯಾಗುತ್ತದೆ. ಎಲೆಯ ಕಡೆಯಿಂದ ಆಮ್ಲಜನಕವು ಆ ಶೂನ್ಯದ ಹಾದಿಯಲ್ಲಿ ಬೇರುತುದಿಗೆ ಇಳಿಯುವುದು. ನಟ್ಟಿಗೆ ಕಿತ್ತ ಸಸಿಯ ಬೇರನ್ನು ಅಡ್ಡ ಕೊಯ್ದು ಸಾಧಾರಣ ಮಸೂರದಲ್ಲಿ ನೋಡಿದರೂ ಈ ಪೊಳ್ಳುಗಳು ಸ್ವಲ್ಪಮಟ್ಟಿಗೆ ತೋರುತ್ತವೆ.

ಸತ್ತ ಕೋಶಗಳಿಗೆ ಬೆಲೆ ಕಟ್ಟುವುದಾದರೆ ಶ್ರೀಗಂಧಕ್ಕೆ ಸಮವಾದುದಿಲ್ಲ. ಸಾಗರ ಸೊರಬಗಳ ಗುಡಿಗಾರರು ಗಂಧದ ಕೆತ್ತನೆಗೆ ತಲೆಮಾರುಗಳಿಂದ ಹೆಸರಾದವರು. ಅವರ ಉಳಿಗೆ ಬೇಕಾದುದು ಹೊರಗಿನ ಬಿಳಿಯ ಮರವಲ್ಲ, ಒಳಗಿನ ಚೇಗು. ಬಿಳಿಯ ಭಾಗದಲ್ಲಿ ನೀರು ಹರಿಯುತ್ತದೆ, ಆಹಾರ ಕೂಡಿಡುವ ಕೋಶಗಳು ಬದುಕಿರುತ್ತವೆ, ಪರಿಮಳ ಮಾತ್ರ ಇಲ್ಲ. ಮರಕ್ಕೆ ವಯಸ್ಸಾದಂತೆ ಒಳಸುತ್ತಿನ ಈ ಕೋಶಗಳು ಸಾಂಟಲಾಲ್ ಮೊದಲಾದ ತೈಲಗಳನ್ನು ತುಂಬಿಕೊಂಡು ಪ್ರಾಣ ಬಿಡುತ್ತವೆ. ಆ ತೈಲದಿಂದ ಗೆದ್ದಲೂ ಬೂಷ್ಟೂ ದೂರ ನಿಲ್ಲುವುವು. ಶ್ರೀಗಂಧದ ನೀರುನಾಳಗಳು ಅತಿ ಸಣ್ಣವು ಮತ್ತು ಬಿಡಿಬಿಡಿಯಾಗಿ ಹರಡಿದವು; ಅದಕ್ಕೇ ಮರದ ಮೈ ಎಲ್ಲೆಡೆಯೂ ಒಂದೇ ನಯವಾಗಿದ್ದು, ಕೂದಲೆಳೆಯ ಬಳ್ಳಿಯನ್ನು ಕೆತ್ತಿದರೂ ಸಿಬಿರು ಏಳುವುದಿಲ್ಲ. ಕುಶಲಿಯ ಕೈಚಳಕವನ್ನು ಕಡಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಅದಕ್ಕೆ ಒದಗಿಬಂದ ಅಂಗಾಂಶವೂ ಅಸಾಮಾನ್ಯವಾದುದು ಎನ್ನುತ್ತಿದ್ದೇನೆ, ಅಷ್ಟೆ.

ಇದೇ ಮರವು ನೆಲದ ಕೆಳಗೆ ಮತ್ತೊಂದು ಬಗೆಯ ಸಂಘಟನೆಯನ್ನು ನಡೆಸುತ್ತದೆ. ಗಂಧದ ಬೇರು ನೆರೆಗಿಡದ ಬೇರನ್ನು ತಾಗಿದ ಕಡೆ ಗುಂಡಿಯಂಥ ಒಂದು ಅಂಗವನ್ನು ಬೆಳೆಸಿ, ಅದರಿಂದ ನೆರೆಯ ತೊಗಟೆಯನ್ನು ಭೇದಿಸಿ, ನೀರು ಲವಣಗಳನ್ನು ಹೀರುವುದನ್ನು ಮದರಾಸು ಸರ್ಕಾರದ ಸಸ್ಯವಿಜ್ಞಾನಿ ಸಿ.ಎ. ಬಾರ್ಬರ್ 1906-07ರಲ್ಲಿ ವಿವರವಾಗಿ ವರ್ಣಿಸಿದರು. ಎರಡು ಬೇರೆ ಬೇರೆ ಕುಲದ ಗಿಡಗಳ ಅಂಗಾಂಶಗಳು ಅಲ್ಲಿ ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಮೈಸೂರು ಸಂಸ್ಥಾನದಲ್ಲಿ ಗಂಧದ ಮರಗಳನ್ನು ಸಾವಿರಗಟ್ಟಲೆ ನುಂಗಿದ ಸ್ಪೈಕ್ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯು ಫ್ಲೋಯಮ್ಮಿನ ಜರಡಿನಾಳಗಳಲ್ಲಿ ವಾಸಿಸುವುದೆಂದು ತಿಳಿದುಬಂದದ್ದು 1969ರಲ್ಲಿ. ಆ ಜರಡಿನಾಳದ ಕೋಶವೇ ಒಂದು ಒಗಟು: ಅದು ಬದುಕಿರುವುದು ನಿಜ, ಆದರೆ ಅದಕ್ಕೆ ಕೋಶಕೇಂದ್ರವಿಲ್ಲ. ಪಕ್ಕದಲ್ಲಿ ಅಂಟಿಕೊಂಡ ಸಂಗಾತಿಕೋಶವು ಅದರ ಪೋಷಣೆಯನ್ನೆಲ್ಲ ವಹಿಸಿಕೊಂಡಿದೆ. ನಮ್ಮ ರಕ್ತದ ಕೆಂಪುಕಣವೂ ಕೇಂದ್ರವನ್ನು ಕಳೆದುಕೊಂಡೇ ಕೆಲಸಕ್ಕೆ ಇಳಿಯುವುದು, ನೂರಿಪ್ಪತ್ತು ದಿನ ದುಡಿದು ಅಳಿಯುವುದು. ಮನುಷ್ಯದೇಹದ ಸುಮಾರು 30 ಲಕ್ಷ ಕೋಟಿ ಕೋಶಗಳಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಇಂಥವೇ.

ಪ್ರಾಣಿಗಳಲ್ಲಿ ಕಟ್ಟುವ ಕ್ರಮ ಬೇರೆ, ಏಕೆಂದರೆ ಅಲ್ಲಿ ಕೋಶಗಳು ನಡೆಯಬಲ್ಲವು. 1907ರಲ್ಲಿ ಅಮೆರಿಕದ ಎಚ್.ವಿ. ವಿಲ್ಸನ್ ಸಮುದ್ರದ ಸ್ಪಂಜು ಪ್ರಾಣಿಯನ್ನು ತೆಳುವಾದ ರೇಷ್ಮೆಬಟ್ಟೆಯಲ್ಲಿ ಹಿಂಡಿ ಅದರ ಕೋಶಗಳನ್ನು ಒಂದೊಂದಾಗಿ ಬಿಡಿಸಿದನು. ತಟ್ಟೆಯ ತಳದಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದ ಕೋಶಗಳು ತೆವಳಿ, ಒಂದನ್ನೊಂದು ಹಿಡಿದು, ಉಂಡೆಗಟ್ಟಿ, ದಿನಗಳು ಕಳೆದಂತೆ ಮತ್ತೆ ಸ್ಪಂಜಾದವು.

ಅಡಿಕೆಯ ಕತೆ ಹೇಳಿ ಕೊಳೆರೋಗವನ್ನು ಬಿಟ್ಟರೆ ಮಲೆನಾಡಿಗರು ಒಪ್ಪುವವರಲ್ಲ. ಜಡಿಮಳೆಯಲ್ಲಿ ಕಾಯಿ ಉದುರಿಸುವ ಈ ರೋಗವನ್ನು ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಭ್ಯಾಸಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಯುವ ಪದ್ಧತಿಯನ್ನು ಇಲ್ಲಿ ಬೇರೂರಿಸಿದವರು ಅವರೇ. ರೋಗದ ಕರ್ತೃವಾದ ಫೈಟಾಪ್ತೊರಾ ನಮ್ಮ ಪ್ರಕರಣಕ್ಕೆ ಒಂದು ಪ್ರತಿವಾದಿ. ಅದರ ಎಳೆಯಂಥ ದೇಹದಲ್ಲಿ ಅಡ್ಡಗೋಡೆಗಳೇ ಇಲ್ಲ. ಒಂದೇ ಕವಲೊಡೆದ ಕೊಳವೆಯಲ್ಲಿ ಅಸಂಖ್ಯ ಕೋಶಕೇಂದ್ರಗಳು ಹರಿದಾಡುತ್ತಿರುತ್ತವೆ, ಎಳೆಯ ಅಡಿಕೆಯ ನೀರಿನಲ್ಲಿ ಕಂಡಂತೆಯೇ. ಅಂಗಾಂಶವಿಲ್ಲ, ಅಂಗವಿಲ್ಲ, ಯಾರಿಗೂ ಗೊತ್ತಾದ ಹುದ್ದೆಯಿಲ್ಲ. ಆದರೂ ಮೂವತ್ತು ಮೊಳದ ಮರವು ವರ್ಷವೆಲ್ಲ ದುಡಿದು ಕಟ್ಟಿದ ಫಲವನ್ನು ಅದು ಎರಡು ವಾರದ ಮಳೆಯಲ್ಲಿ ನೆಲಕ್ಕೆ ಕೆಡಹುವುದು. ಉನ್ನತವಾದ ಸಂಘಟನೆಯೇ ಜೀವನದಲ್ಲಿ ಗೆಲ್ಲುವುದೆಂದು ತಿಳಿದವರು ಆಷಾಢದಲ್ಲಿ ತೋಟಕ್ಕೆ ಒಮ್ಮೆ ಹೋಗಿಬರತಕ್ಕದ್ದು.

ಇನ್ನು ಉಳಿದಿರುವುದು ಒಂದು ಪ್ರಶ್ನೆ. ಸ್ಥಾನಕ್ಕೆ ಕಟ್ಟುಬಿದ್ದು ನಾರೋ ತೊಗಟೆಯೋ ಆಗಿಹೋದ ಕೋಶಕ್ಕೆ, ಮಿಕ್ಕ ಕೆಲಸಗಳ ಜ್ಞಾನ ನಷ್ಟವಾಯಿತೆ, ಇಲ್ಲವೆ ಒಳಗೆ ಸುಪ್ತವಾಗಿ ಉಳಿದಿದೆಯೆ? ಜೀವಂತ ಸಸ್ಯಕೋಶವೊಂದನ್ನು ನೆರೆಯಿಂದ ಬಿಡಿಸಿ ಪೋಷಿಸಿದರೆ ಅದು ಪೂರ್ಣ ಗಿಡವಾಗಬಲ್ಲದೆಂದು ಹಾಬರ್ಲಾಂಟ್ 1902ರಲ್ಲಿಯೇ ಊಹಿಸಿದ್ದರೂ ಅವನಿಗೆ ಅದು ಕೈಗೂಡಲಿಲ್ಲ. 1958ರಲ್ಲಿ ಅಮೆರಿಕದ ಎಫ್.ಸಿ. ಸ್ಟುವರ್ಡ್ ಗಜ್ಜರಿಗಡ್ಡೆಯ ಕೋಶಗಳನ್ನು ಎಳನೀರು ಬೆರೆಸಿದ ಪೋಷಕದ್ರವದಲ್ಲಿ ಬೆಳೆಸಿದಾಗ ಅವು ಒಡೆದು, ಮುದ್ದೆಗಟ್ಟಿ, ಬೇರು ಚಿಗುರುಗಳನ್ನು ತೋರಿಸಿ ಗಜ್ಜರಿಗಿಡವೇ ಆದವು. ಭ್ರೂಣಕ್ಕೆಂದು ತೆಂಗು ಕೂಡಿಟ್ಟ ಆ ಗೋಡೆಯಿಲ್ಲದ ದ್ರವದಲ್ಲಿ ಕೋಶವಿಭಜನೆಯನ್ನು ಪ್ರೇರಿಸುವ ವಸ್ತುಗಳು ಇದ್ದುವು.

ಶ್ರೀಗಂಧದ ಸರದಿ ಬಂದದ್ದು 1979ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಲಕ್ಷ್ಮೀಸೀತಾ ಮತ್ತು ಸಂಗಡಿಗರು ಗಂಧದ ಚಿಗುರಿನ ತುಂಡಿನಿಂದ ಆಕಾರವಿಲ್ಲದ ಕೋಶಮುದ್ದೆಯನ್ನು ಬೆಳೆಸಿ, ಅದರಿಂದ ಭ್ರೂಣದಂಥ ರಚನೆಗಳನ್ನೂ, ಅವುಗಳಿಂದ ಪುಟ್ಟ ಸಸಿಗಳನ್ನೂ ಪಡೆದರು. ಬೀಜವಿಲ್ಲದೆ, ಹೂವಿಲ್ಲದೆ, ಸೀಸೆಯಲ್ಲಿ ಗಂಧದ ಗಿಡ. ಮುದ್ದೆಯಲ್ಲಿದ್ದಾಗ ಯಾವ ಕೋಶಕ್ಕೂ ಮೇಲು ಕೆಳಗು, ಒಳಗು ಹೊರಗು ಎಂಬುದಿರಲಿಲ್ಲ. ಭ್ರೂಣದ ಆಕಾರ ಕಂಡ ಕ್ಷಣದಿಂದ ಹೊರಗಿನದು ಹೊರಗಿನ ಕೆಲಸಕ್ಕೂ ಒಳಗಿನದು ಒಳಗಿನ ಕೆಲಸಕ್ಕೂ ತೊಡಗಿತು. ಆದರೆ ಅಂಥ ಸಸಿಯನ್ನು ಸೀಸೆಯಿಂದ ತೆಗೆದು ನೆಲಕ್ಕೆ ನೆಟ್ಟರೂ ಅದರ ಬೇರಿಗೆ ಅಂಟಿಕೊಳ್ಳಲು ಪಕ್ಕದಲ್ಲಿ ತೊಗರಿಯ ಗಿಡವನ್ನೋ ಮತ್ತೊಂದನ್ನೋ ಬೆಳೆಸಿಕೊಡಬೇಕು, ಮತ್ತು ಚೇಗು ಕಟ್ಟತೊಡಗುವುದಕ್ಕೆ ಹತ್ತು ವರ್ಷದ ಆಸುಪಾಸು ಕಾಯಬೇಕು.